ಕೈಗೆ ಚಪ್ಪಲಿ ಹಾಕುತ್ತಿದ್ದವಳು

ನನ್ನ ತಂಗಿ ತೀರಿಕೊಂಡ ದಿನ ನಮ್ಮ ಅಂಗಳಕ್ಕೆ ಬಂದವರಲ್ಲಿ ಹೆಚ್ಚಿನವರು ಒಂದೇ ಮಾತು ಹೇಳಿದರು: "ಆಕಿಗಿ ಬಿಡುಗಡಿ ಆತು ಬಿಡ್ರಿ, ಮಾಸ್ತರ." ಯಾವುದರಿಂದ ಬಿಡುಗಡೆ ಎಂದು ಒಬ್ಬರನ್ನು ಕೇಳಿದೆ. ಅವರು ತಬ್ಬಿಬ್ಬಾಗಿ, "ಅಲ್ಲಾ, ಆ ಜೀವಕ್ಕ ಎಷ್ಟ್ ತ್ರಾಸ್ ಇತ್ತು…" ಎಂದು ಅರ್ಧಕ್ಕೆ ನಿಲ್ಲಿಸಿದರು. ತ್ರಾಸು ಇದ್ದದ್ದು ನಿಜ. ಅದರ ಬಹುಭಾಗವನ್ನು ಕೊಟ್ಟವರು ಅಂದು ಅಲ್ಲಿಯೇ ಕುಳಿತು, ನೆರೆಮನೆಯಿಂದ ಬಂದ ಚಹಾ ಕುಡಿಯುತ್ತಿದ್ದರು. ಇದನ್ನು ನಾನು ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಊರು ಆ ಹೆಸರನ್ನು ಬಳಸಲಿಲ್ಲ. "ತೆವಳಿ" ಎಂದು ಕರೆಯಿತು. ಎದುರಿಗೆ ಕರೆದವರು ಯಾರು, ಬೆನ್ನ ಹಿಂದೆ ಕರೆದವರು ಯಾರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಈಗ ಹೆಸರು ತಿಳಿದುಕೊಂಡು ಬಾಯಿತುಂಬ ಹೇಳುವ ಸುಖವನ್ನು ನಾನು ಅವರಿಗೆ ಕೊಡಲಾರೆ.

ನಮ್ಮ ಊರು ಸುರಪುರದಿಂದ ಶಹಾಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇದೆ. ನನ್ನ ತಂಗಿ ಅಂಬೆಗಾಲಿಡುತ್ತಿದ್ದ ವಯಸ್ಸಿನಲ್ಲಿ ಒಂದು ಜ್ವರ ಬಂತು. ಜ್ವರ ಇಳಿಯಿತು, ಕಾಲುಗಳು ಮತ್ತೆ ಏಳಲಿಲ್ಲ. ಮೊಳಕಾಲಿನ ಕೆಳಗೆ ಅವು ಜೋಳದ ದಂಟಿನಂತೆ ಸಣಕಲಾಗಿ, ಒಂದರ ಮೇಲೊಂದು ಮಡಿಚಿಕೊಂಡು ಉಳಿದವು. ಅಪ್ಪ ಬೇಗ ತೀರಿಕೊಂಡ. ಮನೆತನದ ಹಿರಿತನ ಅಪ್ಪನ ತಮ್ಮನಿಗೆ, ಅಂದರೆ ನಮ್ಮ ಕಾಕಾನಿಗೆ ಹೋಯಿತು. ಈ ಬರಹದಲ್ಲಿ ಕಾಕಾ ಮತ್ತೆ ಮತ್ತೆ ಬರುತ್ತಾನೆ. ಅವಳ ಬದುಕಿನಲ್ಲಿಯೂ ಹಾಗೆಯೇ ಬಂದ, ಕರೆಯದೆ.

ನಮ್ಮ ಕಡೆ ಒಂದು ನಂಬಿಕೆ ಇತ್ತು. ಈಗಲೂ ಪೂರ್ಣ ಹೋಗಿಲ್ಲ. ಸೂರ್ಯಗ್ರಹಣ ಹಿಡಿದಷ್ಟು ಹೊತ್ತು ಕಾಲಿಲ್ಲದ ಮಗುವನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟರೆ ಭೂಮಿ ಕಾಲಿಗೆ ಬಲ ಕೊಡುತ್ತದೆ ಎಂಬ ನಂಬಿಕೆ. ಅವಳಿಗೆ ಎಂಟೊಂಬತ್ತಾಗಿದ್ದ ವರ್ಷ ದೊಡ್ಡ ಗ್ರಹಣ ಬಂತು, ಹಗಲೇ ಕತ್ತಲಾಗುವಂಥದ್ದು. ಕಾಲುವೆ ಬರುತ್ತದೆ ಎಂಬ ಸುದ್ದಿಯೂ ಆಗಲೇ ಬಂದಿತ್ತು. ನಮ್ಮ ಹಿತ್ತಲು ಮುಗಿದಲ್ಲಿಯೇ ಹೊಲ. ಆ ಹೊಲದ ಬದುವಿನಲ್ಲಿ ಸರ್ವೆಯವರು ಮಣ್ಣು ನೋಡಲೆಂದು ಕುಣಿ ತೋಡಿ ಹಾಗೆಯೇ ಬಿಟ್ಟು ಹೋಗಿದ್ದರು. ಕಾಕಾ ಅದನ್ನು ನೋಡಿ ಹಿಗ್ಗಿದ.

"ಸರಕಾರನ ಕುಣಿ ತಗದ್ ಕೊಟ್ಟದ. ನಾವ್ಯಾಕ ಮೈ ನೋಯಿಸ್ಕೋಬೇಕು? ತರ್ರಿ ಹುಡುಗೀನ."

ಅವ್ವ ಅವಳನ್ನು ಎತ್ತಿ ತಂದಳು. ಅವ್ವನೂ ನಂಬಿದ್ದಳು. ಅವಳನ್ನು ನಾನು ದೂರುವುದಿಲ್ಲ. ಅದನ್ನೂ ನಂಬದಿದ್ದರೆ ಅವಳ ಕೈಯಲ್ಲಿ ಉಳಿಯುತ್ತಿದ್ದುದಾದರೂ ಏನು? ಹುಡುಗಿಯನ್ನು ಕುಣಿಯಲ್ಲಿ ನಿಲ್ಲಿಸಿದಂತೆ ಹಿಡಿದು ಸುತ್ತ ಕಪ್ಪು ಮಣ್ಣು ತುಂಬಿದರು. ಅಲುಗಾಡಬಾರದು, ಅಲುಗಾಡಿದರೆ ಬಲ ಬರುವುದಿಲ್ಲ ಎಂದು ಕಾಕಾ ತನ್ನ ಮೆಟ್ಟಿನ ಕಾಲಿನಿಂದಲೇ ಅವಳ ಕುತ್ತಿಗೆಯ ಸುತ್ತಲಿನ ಮಣ್ಣನ್ನು ತುಳಿದು ಗಟ್ಟಿ ಮಾಡಿದ. ತುಳಿಯುವಾಗ ಒಮ್ಮೆ ಮೆಟ್ಟಿನ ಅಂಚು ಅವಳ ಕಿವಿಗೆ ಬಡಿದು ರಕ್ತ ಬಂತು. "ಸುಮ್ಮನಿರು, ನಿನ್ನ ಸಲುವಾಗೇ ಮಾಡಾಕತ್ತೀನಿ," ಎಂದ.

ಕತ್ತಲು ಕವಿಯುತ್ತಿದ್ದಂತೆ ಎಲ್ಲರೂ ಒಳಗೆ ಓಡಿ ಕದ ಹಾಕಿಕೊಂಡರು. ಗ್ರಹಣದ ನೆರಳು ಬೀಳಬಾರದೆಂದು ನನ್ನನ್ನೂ ಒಳಗೆ ಎಳೆದು ಚಿಲಕ ಜಡಿದರು. ಹೊರಗೆ ಉಳಿದದ್ದು ಮಣ್ಣಿನ ಮೇಲೆ ಒಂದು ತಲೆ, ಅದರ ಪಕ್ಕದಲ್ಲಿ ಸೆರಗು ಮುಚ್ಚಿಕೊಂಡು ಕುಳಿತ ಅವ್ವ. ಕಿಟಕಿಯ ಸರಳಿನಿಂದ ನನಗೆ ಅಷ್ಟೇ ಕಾಣುತ್ತಿತ್ತು. ಹಕ್ಕಿಗಳು ಗೂಡಿಗೆ ಮರಳಿದವು, ನಾಯಿಗಳು ಊಳಿಟ್ಟವು. ಆ ಕತ್ತಲಿನಲ್ಲಿ ಅವಳ ದನಿ ಒಂದೇ ಸಮನೆ ಕೇಳಿತು. ಅವಳು ಅವ್ವನನ್ನು ಕರೆಯಲಿಲ್ಲ, ದೇವರನ್ನು ಕರೆಯಲಿಲ್ಲ. "ಕಾಕಾ, ನಿನ್ನ ಕಾಲ್ ಮುರೀಲಿ! ನಿನ್ನ ಎರಡೂ ಕಾಲ್ ಮುರೀಲಿ!" ಎಂದು ಕೂಗುತ್ತಲೇ ಇದ್ದಳು.

ಬೆಳಕು ಬಂದ ಮೇಲೆ ಕಾಕಾ ಸಲಿಕೆ ಹಿಡಿದು ಮಣ್ಣು ತೆಗೆದ. ತುಳಿದು ಗಟ್ಟಿ ಮಾಡಿದ್ದ ಮಣ್ಣು ಸುಲಭವಾಗಿ ಬಿಡಲಿಲ್ಲ. ಸಲಿಕೆ ಅವಳ ಮೊಳಕಾಲಿಗೆ ಇಳಿಯಿತು. ಮೂಳೆ ಬೆಳ್ಳಗೆ ಕಂಡಿತು. ಅವ್ವ ಚೀರಿದಾಗ ಅವನು ಅಂದದ್ದು, "ಸತ್ತ ಕಾಲ್ ಅದು. ಅದಕ್ಕೇನು ನೋವು?" ಆ ಜ್ವರ ಕಾಲಿನ ಬಲವನ್ನು ಒಯ್ಯುತ್ತದೆ, ನೋವನ್ನು ಒಯ್ಯುವುದಿಲ್ಲ. ಇದು ಅವಳಿಗೆ ಮಾತ್ರ ಗೊತ್ತಿತ್ತು. ಮೇಲೆ ಎತ್ತಿದೊಡನೆ ಅವಳು ಕಾಕಾನ ಮುಂಗೈಯನ್ನು ಕಚ್ಚಿ ಹಿಡಿದಳು. ಬಿಡಿಸಲು ಅವಳ ಮೂಗು ಹಿಡಿಯಬೇಕಾಯಿತು.

ಕಾಲಿಗೆ ಬಲ ಬರಲಿಲ್ಲ. ಅದಕ್ಕೆ ಊರು ಕಾರಣವನ್ನೂ ಹುಡುಕಿತು: ಕೂಗಬಾರದಿತ್ತಂತೆ, ಆಕೆ ಕೂಗಿದಳಂತೆ. ಹೂತದ್ದು ಅವರು, ತಪ್ಪು ಅವಳದು.

ಕಾಲು ಬಾರದು ಎಂದು ಖಚಿತವಾದ ಮೇಲೆ ಅವಳು ಕೈಗಳನ್ನು ನೆಚ್ಚಿಕೊಂಡಳು. ಹಳೆಯ ಟೈರಿನ ತುಂಡೊಂದನ್ನು ಕೆಳಗೆ ಕಟ್ಟಿಕೊಂಡು, ಎರಡೂ ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಅಂಗೈ ಊರಿ ಮೈಯನ್ನು ಎತ್ತಿ ಎತ್ತಿ ಮುಂದೆ ಇಡುತ್ತಿದ್ದಳು. ಪಟ್, ಪಟ್ ಎಂಬ ಆ ಸದ್ದು ನಮ್ಮ ಮನೆಯ ಬೆಳಗು. ಅವಳ ಮುಂಗೈ ಹೊಲದ ಆಳುಗಳ ಮುಂಗೈಗಿಂತ ದಪ್ಪವಾಗಿತ್ತು. ಶೇಂಗಾದ ಹೊಲದಲ್ಲಿ ಕಳೆ ತೆಗೆಯುವಾಗ ಅವಳ ಸಾಲು ಯಾವಾಗಲೂ ಮುಂದೆ. "ನಿಮಗ ಸೊಂಟ ಬಗ್ಗಸ್ಬೇಕು, ನಂಗ ದೇವರು ಬಗ್ಗಿಸೇ ಕಳಸ್ಯಾನ," ಎಂದು ಹಿಂದೆ ಉಳಿದ ಹೆಂಗಸರನ್ನು ಹಂಗಿಸುತ್ತಿದ್ದಳು.

ಅವಳಿಗೆ ಮನುಷ್ಯರು ಗೊತ್ತಾಗುತ್ತಿದ್ದುದು ಕಾಲಿನಿಂದ. ನೆಲದ ಮಟ್ಟದಲ್ಲಿ ಬದುಕುವವರಿಗೆ ಮುಖ ಆಮೇಲೆ ಸಿಗುತ್ತದೆ. ಯಾರ ಹಿಮ್ಮಡಿ ಒಡೆದಿದೆ, ಯಾರು ಹೆಬ್ಬೆರಳು ಎತ್ತಿ ನಡೆಯುತ್ತಾರೆ, ಯಾರು ಸಾಲ ಕೇಳಲು ಬಂದಾಗ ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತಾರೆ, ಎಲ್ಲ ಗೊತ್ತಿತ್ತು. ನನ್ನ ಮದುವೆಗೆ ಹೆಣ್ಣು ನೋಡಿ ಬಂದಾಗ ಅವಳು ಕೇಳಿದ್ದು, "ಕಾಲ್ ಹ್ಯಾಂಗವ, ಅಣ್ಣಾ?" ನಾನು ನೋಡಿಲ್ಲ ಎಂದೆ. "ಮತ್ತೇನ್ ನೋಡಿ ಬಂದಿ, ಗ್ವಾಡಿ?" ಎಂದಳು.

ಅದೇ ಮದುವೆಯಲ್ಲಿ ಫೋಟೋ ತೆಗೆಯುವವನು ಮನೆಯವರನ್ನೆಲ್ಲ ನಿಲ್ಲಿಸಿ, "ಕೆಳಗ ಕೂತೋರು ಸ್ವಲ್ಪ ಆಕಡಿ ಸರೀರಿ, ಫ್ರೇಮ್ ಕೆಡ್ತದ," ಎಂದ. ಕೆಳಗೆ ಕುಳಿತವರು ಒಬ್ಬರೇ. ನಾನು ವೇದಿಕೆಯಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕುಳಿತೆ. ಹೊಸ ಹೆಂಡತಿಯೂ ಬಂದು ಕುಳಿತಳು. ಆ ಒಂದು ಕಾರಣಕ್ಕೆ ಆಕೆಯ ಎಷ್ಟೋ ಮಾತುಗಳನ್ನು ನಾನು ಇಂದಿನವರೆಗೆ ಸಹಿಸಿದ್ದೇನೆ. ನಮ್ಮನ್ನು ನೋಡಿ ಉಳಿದವರೂ ಕುಳಿತರು; ನಮ್ಮ ಮನೆಯ ಮದುವೆಯ ಚಿತ್ರದಲ್ಲಿ ಎಲ್ಲರೂ ನೆಲದ ಮೇಲೆ ಇದ್ದಾರೆ. ಕಾಕಾ ಮಾತ್ರ ನಿಂತಿದ್ದಾನೆ.

ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ಒಂದು ಚಪ್ಪಲಿ ಅಂಗಡಿ ಇದೆ. ಒಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ನನ್ನನ್ನು ನೋಡಿ, "ಯಾರಿಗಿ ಬೇಕ್ರಿ ಸರ?" ಎಂದ. "ನನಗ," ಎಂದಳು ಅವಳು, ಕೆಳಗಿನಿಂದ. ಅವನು ನಕ್ಕ. ಪಕ್ಕದ ಗಿರಾಕಿಗೆ ಕಣ್ಣು ಹೊಡೆದು, "ನಿಮಗ ಚಪ್ಪಲ್ ತಗೊಂಡ್ ಏನ್ ಮಾಡ್ತೀರಿ?" ಎಂದ. ಅವಳು ಎರಡೂ ಅಂಗೈಯನ್ನು ಅವನ ಮುಂದೆ ಚಾಚಿ, "ಇವಕ್ಕ ಅಳತಿ ತಗೋ. ನಿನ್ನ ಮಾರೀಗೂ ಬರಾಬರ್ ಕುಂಡ್ರತಾವ, ನೋಡಬೇಕೇನು?" ಎಂದಳು. ನಾನು ರಂಗಂಪೇಟೆಯಲ್ಲಿಯೇ ಮನೆ ಮಾಡಿದವನು. ಆ ಅಂಗಡಿಯ ಮೆಟ್ಟಿಲನ್ನು ಅಂದಿನಿಂದ ಹತ್ತಿಲ್ಲ. ಶಹಾಪುರದ ಬಸ್ಸಿನ ಕಂಡಕ್ಟರನೊಬ್ಬ ಬಾಗಿಲಲ್ಲಿ ಅವಳನ್ನು ನೋಡದೆಯೇ, "ಆ ಗಂಟ್ ಯಾರ್ದು, ಮ್ಯಾಲ ಹಾಕ್ರಿ," ಎಂದಾಗ, "ಗಂಟು ಮಾತಾಡ್ತದಪ್ಪ, ಹುಷಾರ್," ಎಂದವಳೂ ಅವಳೇ. ಬಸ್ಸು ನಕ್ಕಿತು. ನಾನು ನಗಲಿಲ್ಲ. ಅದನ್ನು ಕಂಡು ಅವಳು ನನ್ನ ಕಾಲಿಗೆ ಗುದ್ದಿ, "ನಗಪಾ, ಮಾಸ್ತರ. ನೀ ಸಿಟ್ಟ್ ಮಾಡ್ಕೊಂಡ್ರ ನನ್ನ ಕಾಲ್ ಬರ್ತಾವೇನು?" ಎಂದಳು. ಸಿಟ್ಟಿನ ವಿಷಯದಲ್ಲಿ ನನಗಿಂತ ಅವಳು ದೊಡ್ಡವಳು. ಆದರೆ ಅವಳದು ಹೊಡೆದು ಮುಗಿಯುವ ಸಿಟ್ಟು, ನನ್ನದು ಉಳಿಯುವ ಸಿಟ್ಟು.

ಕಾಲುವೆ ಬಂತು. ಒಣಹೊಲಗಳಿಗೆ ನೀರು ಬಂದ ಆ ವರ್ಷಗಳ ಸಂಭ್ರಮವನ್ನು ಬೇರೆಯವರು ಬರೆದಾರು. ನಮ್ಮ ಹೊಲದಲ್ಲಿ ಅದು ಬಂದ ಬಗೆ ಇಷ್ಟು: ಅಪ್ಪನ ಹೊಲವೂ ಕಾಕಾನ ಹೊಲವೂ ಒಂದೇ ಸಣ್ಣ ಕಾಲುವೆಗೆ ಸೇರಿದ್ದವು. ಪಾಲಾಗುವಾಗ ಕಾಕಾ ಮೇಲಿನ ಹೊಲ ಇಟ್ಟುಕೊಂಡಿದ್ದ, ನಮ್ಮದು ಕೊನೆಯದು. ನೀರು ಪಾಳಿಯ ಪ್ರಕಾರ ಬರಬೇಕು. ಕಾಕಾ ಭತ್ತ ಹಚ್ಚಿದ, ಭತ್ತಕ್ಕೆ ನೀರು ಎಷ್ಟಾದರೂ ಸಾಲದು. ನಮ್ಮ ಪಾಳಿಯ ದಿನ ಕಾಲುವೆಗೆ ಕಲ್ಲು, ಗೋಣಿಚೀಲ ಅಡ್ಡ ಹಾಕಿ ನೀರನ್ನು ತನ್ನ ಮಡಿಗಳಿಗೆ ತಿರುಗಿಸಿಕೊಳ್ಳತೊಡಗಿದ. ನಮ್ಮ ಹೊಲದಲ್ಲಿ ಶೇಂಗಾ ಹೂ ಬಿಟ್ಟಿತ್ತು. ಆ ಹೊತ್ತಿಗೆ ನೀರು ಬೀಳದಿದ್ದರೆ ಕಾಯಿ ಕಟ್ಟುವುದಿಲ್ಲ. ಅವ್ವ ಎರಡು ಸಲ ಹೋಗಿ ಕೈಮುಗಿದು ಬಂದಳು. ನಾನು ಶಾಲೆಯ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ.

ಮೂರನೆಯ ಸಲ ಅವ್ವನಿಗೆ ಹೇಳದೆ ಅವಳೇ ಹೋದಳು. ಬದುವಿನುದ್ದಕ್ಕೂ ತೆವಳಿಕೊಂಡು ಹೋಗಿ, ಅಡ್ಡ ಹಾಕಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಆಚೆ ಎಸೆಯತೊಡಗಿದಳು. ನಡು ಹಗಲು. ಕಾಕಾನ ಹೊಲದಲ್ಲಿ ಹೆಣ್ಣಾಳುಗಳು ನಾಟಿ ಮಾಡುತ್ತಿದ್ದರು. ಅಲ್ಲಿ ಆದದ್ದನ್ನು ಆ ಹೆಣ್ಣಾಳುಗಳು ನನಗೆ ಹೇಳಿದ್ದಾರೆ, ಅವಳೂ ಹೇಳಿದ್ದಾಳೆ, ಎರಡರಲ್ಲಿ ವ್ಯತ್ಯಾಸವಿಲ್ಲ.

"ಏ ತೆವಳಿ, ಸರಿ ಆಕಡಿ," ಎಂದ ಕಾಕಾ.

"ಪಾಳಿ ನಮ್ದು, ಕಾಕಾ."

"ಪಾಳಿ ಕೇಳಾಕ ನೀ ಯಾರು? ನೆಟ್ಟಗ ನಿಂತು ಕೇಳು ನೋಡೋಣ."

"ನೀರಿಗಿ ನಿಂತೋರ್ಯಾರು ಕೂತೋರ್ಯಾರು ಗೊತ್ತಾಗಲ್ಲ. ನೀ ಕಲ್ ತಗಿ."

ಅವನು ಒದ್ದ. ಎಡ ಹೆಗಲಿಗೆ ಬಿತ್ತು. ಅವಳು ಮೋರೆ ಕೆಳಗಾಗಿ ಕಾಲುವೆಗೆ ಉರುಳಿದಳು. ಎಲುಬು ಮುರಿದ ಸದ್ದು ನಾಟಿಯವರಿಗೆ ಕೇಳಿತು. ಎದ್ದು ಕೂರಲು ಹೋದವಳ ಬೆನ್ನ ಮೇಲೆ ಕಾಕಾ ಕಾಲಿಟ್ಟು ಅದುಮಿದ. ಬಾಯಿಗೆ ಕೆಸರು ನೀರು ತುಂಬಿತು. ಕುಣಿಯ ಮಣ್ಣು ತುಳಿದಂತೆಯೇ ತುಳಿದ, ಅಂದಳು ಅವಳು ನನಗೆ, ಅದೇ ಮೆಟ್ಟು. ಆಮೇಲೆ ಹೆರಳು ಹಿಡಿದು ಎಳೆಯಲು ಬಗ್ಗಿದ. ಅವನು ಬಗ್ಗಿದ್ದೇ ತಪ್ಪಾಯಿತು. ಮುರಿಯದೆ ಉಳಿದ ಬಲಗೈಯನ್ನು ಬೀಸಿ ಅವಳು ಅವನ ಕೆನ್ನೆಗೆ ಹೊಡೆದಳು. ಕೈಯಲ್ಲಿ ಚಪ್ಪಲಿ ಇತ್ತು. ಅದು ಯಾವಾಗಲೂ ಇರುತ್ತಿತ್ತು.

ನಾಟಿಯವರು ಸೆಟೆದು ನಿಂತರು. ಕಾಕಾ ಕೆನ್ನೆ ಹಿಡಿದುಕೊಂಡು ಮೊದಲು ನೋಡಿದ್ದು ಅವಳನ್ನಲ್ಲ, ಅವರನ್ನು.

ಸುದ್ದಿ ತಿಳಿದು ನಾನು ಬಂದೆ. ಠಾಣೆಗೆ ಹೋಗಿ ಫಿರ್ಯಾದು ಕೊಡಲು ಹೊರಟವನನ್ನು ಅವ್ವ ಬಾಗಿಲಿಗೆ ಅಡ್ಡ ನಿಂತು ತಡೆದಳು. ನಾಳೆ ಅದೇ ಬದುವಿನ ಮೇಲೆ ಬದುಕಬೇಕಾದವಳು ಅವ್ವ. ಆದ್ದರಿಂದ ವಿಷಯ ಹನುಮಂತದೇವರ ಕಟ್ಟೆಗೆ ಬಂತು. ಪಂಚರು ಕಟ್ಟೆಯ ಮೇಲೆ, ಅವಳು ಕೆಳಗೆ. ಎಡಗೈಯನ್ನು ಕುತ್ತಿಗೆಗೆ ಕಟ್ಟಿತ್ತು. ಎತ್ತಿಕೊಂಡು ಹೋಗುತ್ತೇನೆ ಎಂದರೆ ಒಪ್ಪದೆ, ಒಂದೇ ಕೈ, ಒಂದೇ ಚಪ್ಪಲಿ ಊರಿಕೊಂಡು, ನಡುನಡುವೆ ನಿಂತು ಉಸಿರು ಹಿಡಿದು ಬಂದಿದ್ದಳು. ಅವಳ ಮುರಿದ ಎಲುಬಿನ ಬಗ್ಗೆ ಕಟ್ಟೆಯಲ್ಲಿ ಯಾರೂ ಒಂದು ಮಾತು ಎತ್ತಲಿಲ್ಲ. ನಾನು ಎತ್ತಿದೆ. "ಅದು ಆಮ್ಯಾಲ, ಮಾಸ್ತರ," ಎಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಮಾತು ನಡೆದದ್ದೆಲ್ಲ ಕಾಕಾನ ಕೆನ್ನೆಯ ಮೇಲೆ.

ಪಂಚರಲ್ಲಿ ಹಿರಿಯವನು ಹೇಳಿದ: "ನೀರಿನ ಜಗಳ ಊರಾಗ ಇದ್ದದ್ದೇ. ಆದ್ರ ಹಿರೇರಿಗಿ ಕೆರಲೆ ಹೊಡದೀದಿ. ಅದು ಮನೆತನದ ಇಜ್ಜತ್ ಪ್ರಶ್ನೆ."

"ನಾ ಕೈಲೆ ಹೊಡದೀನ್ರಿ," ಎಂದಳು ಅವಳು.

"ಕೈಯಾಗ ಕೆರ ಇದ್ವಲ್ಲ?"

"ನನ್ನ ಕೈಯಾಗ ಕೆರ ಇರತಾವ ಅಂತ ಊರಿಗೆಲ್ಲ ಗೊತ್ತದ. ಕಾಲಾಗ ಹಾಕ್ಕೊಳ್ಳಾಕ ಕಾಲ್ ಕೊಡ್ರಿ, ಕೈಯಾಗಿನ್ವು ಇಲ್ಲೇ ಬಿಟ್ ಹೋಗ್ತೀನಿ. ಅವ ಕೆರ ಕಾಲಾಗ ಇಟ್ಕೊಂಡು ನನ್ನ ಬೆನ್ನ್ ತುಳದಾನ. ಅದನ್ನ ಯಾಕ ಕೇಳಲ್ರಿ?"

ಕಟ್ಟೆಯ ಹಿಂದೆ ಯಾರೋ ಕಿಸಕ್ಕೆಂದರು. ಹಿರಿಯವನು ಗದರಿದ. ತೀರ್ಪು ಬಂತು: ಅವಳು ಎಲ್ಲರ ಎದುರಿಗೆ ಕಾಕಾನ ಕಾಲು ಹಿಡಿದು ಮಾಫಿ ಕೇಳಬೇಕು. ಕೇಳಿದರೆ ಅಂದೇ ನಮ್ಮ ಹೊಲಕ್ಕೆ ನೀರು. ಕೇಳದಿದ್ದರೆ ಕಾಲುವೆಗೆ ಕೈ ಹಚ್ಚುವ ಹಾಗಿಲ್ಲ, ಯಾರೂ ನಮ್ಮ ಪಾಳಿಯ ಪರ ನಿಲ್ಲುವುದಿಲ್ಲ. ಕಾಕಾ ಅಷ್ಟೊತ್ತಿಗೆ ಕಟ್ಟೆಯಿಂದ ಇಳಿದು, ಅವಳ ಮುಂದೆ ಬಂದು, ಎರಡೂ ಕಾಲು ಜೋಡಿಸಿ ನಿಂತಿದ್ದ. ಮೆಟ್ಟು ಬಿಚ್ಚಿರಲಿಲ್ಲ.

ಅವ್ವ ಅವಳ ಪಕ್ಕ ಕುಕ್ಕರಿಸಿದಳು. "ನನ್ನವ್ವ, ಹಿಡದ್ ಬಿಡು. ಹೂ ಬಿಟ್ಟ ಬೆಳಿ. ಅದೇನ್ ಕಾಲು, ಕಲ್ಲಂತ ತಿಳಕೋ. ನೀ ಹ್ಯಾಂಗೂ ಕೆಳಗೇ ಅದಿ, ಬಗ್ಗೋದು ಸೈತ ಇಲ್ಲ."

ಅವಳು ಆ ಕಾಲುಗಳನ್ನು ನೋಡಿದಳು. ಕಣ್ಣಿನ ಮಟ್ಟದಲ್ಲಿಯೇ ಇದ್ದವು. ಆಮೇಲೆ ಅವ್ವನಿಗೆ ಹೇಳಿದ್ದು ಇಷ್ಟು:

"ನಾ ನಡಿಯೋದು ಈ ಕೈಲೆ, ಅವ್ವಾ. ಇವನ್ನ ತಗೊಂಡು ಅವನ ಕಾಲ್ ಮ್ಯಾಲ ಇಟ್ರ ನಾಳಿಂದ ಯಾವ ಕೈಲೆ ನಡೀಲಿ?"

ಒಂದೇ ಕೈಯಲ್ಲಿ ತಿರುಗಿ ಹೊರಟಳು. ಪಟ್. ನಿಲುಗಡೆ. ಪಟ್. ನಾನು ಅವಳ ಹಿಂದೆ ನಡೆದೆ.

ಆ ಹಂಗಾಮಿನ ಶೇಂಗಾ ಒಣಗಿತು. ಎಲೆ ಹಳದಿಯಾಯಿತು, ಆಮೇಲೆ ಕಂದಾಯಿತು. ಕಿತ್ತರೆ ಬೇರಿನಲ್ಲಿ ಜೊಳ್ಳು. ಅವ್ವ ಹೊಲದಲ್ಲಿ ಕುಳಿತು ಎದೆ ಬಡಿದುಕೊಂಡು ಅತ್ತಳು, ಅವಳನ್ನು ಬೈದಳು, ಒಮ್ಮೆ ಹೊಡೆದಳು ಕೂಡ. ಅವಳು ಹೊಡೆಸಿಕೊಂಡಳು. ಮುಂದಿನ ವರ್ಷದಿಂದ ನಮ್ಮ ಹೊಲಕ್ಕೆ ತೊಗರಿ ಹಾಕಿಸಿದಳು. ಮಳೆ ಬಂದಷ್ಟು, ಬೆಳೆದಷ್ಟು. ಸುತ್ತಲೂ ಹಸಿರು ಭತ್ತ, ನಡುವೆ ಒಂದು ತುಂಡು ಒಣ ತೊಗರಿ. ಕಾಲುವೆಯ ನೀರನ್ನು ಅವಳು ಮತ್ತೆ ಕೇಳಲಿಲ್ಲ. ಬಹಳ ವರ್ಷಗಳ ಮೇಲೆ ಕಾಕಾನ ಮಡಿಗಳು ನೀರು ಕುಡಿದು ಕುಡಿದು ಸೌಳಾದವು, ಬೆಳ್ಳಗೆ ಉಪ್ಪು ಮೂಡಿತು. ದೇವರು ಕೊಟ್ಟ ಶಿಕ್ಷೆ ಎಂದು ನನ್ನನ್ನು ಸಮಾಧಾನ ಮಾಡಲು ಬಂದವರಿದ್ದರು. ನಾನು ಅದನ್ನು ನ್ಯಾಯ ಎಂದು ಒಪ್ಪುವುದಿಲ್ಲ. ಅದು ನೀರಿನ ಗುಣ. ನ್ಯಾಯ ಮಾಡಬೇಕಾದವರು ಕಟ್ಟೆಯ ಮೇಲೆ ಕುಳಿತಿದ್ದರು, ಮಾಡಲಿಲ್ಲ.

ಎಲುಬು ಓರೆಯಾಗಿ ಕೂಡಿತು. ಆದರೂ ಪ್ರತಿ ಸೋಮವಾರ ಗುಡಿಗೆ ಹೋಗುವಾಗ ಅವಳು ಹತ್ತಿರದ ದಾರಿ ಬಿಟ್ಟು ಕಾಕಾನ ಮನೆಯ ಮುಂದಿನಿಂದಲೇ ಹೋಗುತ್ತಿದ್ದಳು, ಬೇಕೆಂದೇ ನಿಧಾನವಾಗಿ, ಚಪ್ಪಲಿ ಗಟ್ಟಿಯಾಗಿ ಬಡಿಯುತ್ತ. ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿದೊಡನೆ ಕಾಕಾ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದ. "ಅವನ ಮೂಲವ್ಯಾಧಿಗಿ ನಾನೇ ಔಷಧ. ಕುಂಡ್ರಾಕ ಬಿಡಲ್ಲ," ಎಂದು ನನ್ನ ಮುಂದೆ ನಗುತ್ತಿದ್ದಳು. ನಾನು ಊರಿಗೆ ಹೋದಾಗ ಒಲೆಯ ಮುಂದಿನ ಮೊದಲ ರೊಟ್ಟಿ ನನಗೆ. ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ಕೈಗೆ ಕೊಟ್ಟು, ತಿನ್ನುವುದನ್ನು ನೋಡುತ್ತ ಕೂರುತ್ತಿದ್ದಳು. ಆ ಶೇಂಗಾ ಸಂತೆಯಿಂದ ತಂದದ್ದು. ಅದನ್ನು ಅವಳು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ.

ಅವ್ವ ಹೋದ ಮೇಲೆಯೂ ರಂಗಂಪೇಟೆಗೆ ಬಾ ಎಂದರೆ ಬರಲಿಲ್ಲ. ನಾಲ್ಕಾರು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಜ್ವರದಲ್ಲಿಯೇ ಅವಳ ಬದುಕು ತಿರುಗಿತ್ತು, ಜ್ವರದಲ್ಲಿಯೇ ಮುಗಿಯಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ, ಕಾಲು ಮಡಿಸಿ ಕೂರಿಸುತ್ತೇವೆ. ಬೇರೆಯವರಿಗೆ ಸೆಟೆದ ಕಾಲನ್ನು ಒತ್ತಿ ಮಡಿಸಬೇಕು, ಅವಳಿಗೆ ಬೇಕಾಗಲಿಲ್ಲ. ಮನೆತನದವರೆಲ್ಲ ಪಾದ ಮುಟ್ಟಿದ ಮೇಲೆಯೇ ಎತ್ತಬೇಕು ಎಂಬುದು ಪದ್ಧತಿ. ಸತ್ತವರಿಗೆ ವಯಸ್ಸಿಲ್ಲ, ಹಿರಿಯರೂ ಮುಟ್ಟಬೇಕು. ಮೀಯಿಸಿದ ಹೆಂಗಸರು ಅವಳ ಚಪ್ಪಲಿಗಳನ್ನು ಹೊರಗೆ ಕಸದ ಹತ್ತಿರ ಎಸೆದಿದ್ದರು. ನಾನು ಹೋಗಿ ತಂದು, ಒರೆಸಿ, ಅವಳ ಮುಂದೆ ಇಟ್ಟೆ. ಒಬ್ಬಾಕೆ, "ಹೆಣದ ಮುಂದ ಕೆರ ಇಡ್ತಾರೇನ್ರಿ?" ಎಂದಳು. ಆಕೆಯನ್ನೂ ನೆನಪಿಟ್ಟಿದ್ದೇನೆ.

ಎಲ್ಲರೂ ಸೀರೆಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮುಗಿಸಿದರು. ಉಳಿದವನು ಕಾಕಾ. ಅವನು ಮುಟ್ಟದೆ ಎತ್ತುವಂತಿರಲಿಲ್ಲ. ಬಂದ, ಕೋಲು ಊರಿಕೊಂಡು, ಕಣ್ಣು ಮಸುಕಾಗಿ, ಒಣಗಿ ಹೋಗಿದ್ದ. ಮೆಟ್ಟನ್ನು ಅಂಗಳದಲ್ಲಿ ಬಿಚ್ಚಿದ. ಅವಳ ಮುಂದೆ ಮೊಳಕಾಲೂರಿ, ಎರಡೂ ಕೈ ಮುಂದೆ ಚಾಚಿ ಪಾದಕ್ಕಾಗಿ ತಡವರಿಸಿದ. ಮೊದಲು ಸಿಕ್ಕದ್ದು ಚಪ್ಪಲಿ. ಬೆರಳು ಅದನ್ನು ಗುರುತಿಸಿದವು ಎಂದು ಕಾಣುತ್ತದೆ. ಬೆಂಕಿ ತಾಗಿದಂತೆ ಕೈ ಹಿಂದೆಳೆದ. ಮತ್ತೆ ಹುಡುಕಿದ. ಸೀರೆಯ ನೆರಿಗೆಯ ಕೆಳಗೆ ಏನೂ ಸಿಗಲಿಲ್ಲ. ಅವನ ಗಡ್ಡ ಈಗ ನೆಲಕ್ಕೆ ತಾಗುತ್ತಿತ್ತು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ರಟ್ಟೆ ಹಿಡಿದು ಎತ್ತಲಿಲ್ಲ.

"ಪಾದ ಎಲ್ಲ್ಯಾವೋ, ತಮ್ಮಾ?" ಎಂದ, ತಲೆ ಎತ್ತದೆ.

"ಆಕಿ ಪಾದ ಕೈಯಾಗ ಅವ, ಕಾಕಾ," ಎಂದೆ. "ಕೈ ಮುಟ್ಟ್ರಿ."

ಮಡಿಲಲ್ಲಿದ್ದ ಬಲಗೈಯನ್ನು ಅವನು ಎರಡೂ ಕೈಯಿಂದ ಎತ್ತಿಕೊಂಡ. ಎಷ್ಟು ತೊಳೆದರೂ ಹೋಗದ ಕಪ್ಪು ಗಂಟು ಕಟ್ಟಿದ ಅಂಗೈ. ಅದಕ್ಕೆ ಹಣೆ ಹಚ್ಚಿದ. ಅವನ ಮುಪ್ಪಿನ ಹಿಡಿತ ತಪ್ಪಿತು; ಆ ಅಂಗೈ ಹಣೆಯಿಂದ ಜಾರಿ ಅವನ ಕೆನ್ನೆಗೆ ಬಡಿದು ಕೆಳಗೆ ಬಿತ್ತು. ಅದೇ ಕೆನ್ನೆ.

ಅಂಗಳದಲ್ಲಿ ಕಟ್ಟೆಯ ಪಂಚರೂ ಇದ್ದರು. ಇಜ್ಜತ್ತಿನ ಪ್ರಶ್ನೆಯನ್ನು ಈ ಸಲ ಯಾರೂ ಎತ್ತಲಿಲ್ಲ. ಈ ಸಲ ಅದು ಎಲ್ಲರಿಗೂ ಕೈಯಾಗಿಯೇ ಕಂಡಿತು. ಅಂದೂ ಅದು ಕೈಯೇ ಆಗಿತ್ತು.